ಬರೀ ನೀರಿನ ಸ್ಲೈಡು

ಅಯ್ಯೋ ಅಕ್ಕಾ, ಎರಡು ಕಣ್ಣೂ ಮುಚ್ಚಿಕೊಂಡ್ರೆ ಏನು ಕಾಣುತ್ತೆ! ಒಂದು ಮುಚ್ಚಿ, ಒಂದು ತೆರೀರಿ. ಉಹ್ಞೂಂ, ಹಾಗಲ್ಲ... ಬಲಗಣ್ಣು ಕೊಳವೆ ಹತ್ತಿರ, ಎಡಗಣ್ಣಿಗೆ ಅಂಗೈ ಅಡ್ಡ. ಹಾಂ, ಹಾಗೆ. ಈಗ? ಕಪ್ಪು ಕಪ್ಪು ಕಡ್ಡಿ ಕಾಣ್ತಿದೆಯಾ? ಅದು ನಿಮ್ಮ ರೆಪ್ಪೆ ಕೂದಲು! ನಗಿ ನಗಿ, ಪರವಾಗಿಲ್ಲ, ಮೊದಲನೇ ದಿನ ನಾನೂ ಅದನ್ನೇ ನೋಡಿ ಹೌಹಾರಿದ್ದೆ. ಸ್ವಲ್ಪ ಹಿಂದಕ್ಕೆ ಬನ್ನಿ. ಅಷ್ಟು ಒತ್ತಬೇಡಿ, ಅದೇನು ಪಕ್ಕದ ಮನೆ ಕೀಲಿ ತೂತಲ್ಲ.

ತಾಳಿ, ಮೋಡ ಬಂತು. ಕೆಳಗೆ ಪುಟ್ಟ ಕನ್ನಡಿ ಇದೆಯಲ್ಲ, ಅದು ಕಿಟಕಿ ಬೆಳಕು ಹಿಡಿದು ಮೇಲಕ್ಕೆ ಕಳಿಸುತ್ತೆ. ನಮ್ಮ ಔಷಧಿ ಕಾರ್ಖಾನೆಯಲ್ಲಿ ನಾನು ಬಳಸೋದು ಬೇರೆ, ದೀಪ ಇರೋದು, ಅದನ್ನ ಎತ್ತೋಕೇ ಇಬ್ಬರು ಬೇಕು. ಇದು ಬೀರು ಮೇಲೆ ಧೂಳು ತಿಂತಾ ಕೂತಿದ್ದ ಹಳೇ ಮೈಕ್ರೋಸ್ಕೋಪು. ಟವೆಲ್ಲಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ಬಂದೆ. ಪಕ್ಕದ ಸೀಟಿನ ಅಜ್ಜಿ, ಮಗೂಗೆ ಎಷ್ಟು ತಿಂಗಳು ಅಂತ ಕೇಳೇಬಿಟ್ರು! ಏನು ಹೇಳ್ಲಿ, ಹನ್ನೊಂದು ತಿಂಗಳು ಅಂದೆ. ... ಬಂತು, ಬೆಳಕು ಬಂತು. ನೋಡಿ ಈಗ.

ಕಂಡ್ತಾ? ಗೋಡೆನಾ? ಹೌದು, ಇಟ್ಟಿಗೆ ಗೋಡೆ ಥರಾನೇ! ಅದು ನಿಮ್ಮ ಬುಟ್ಟಿ ಈರುಳ್ಳಿ ಅಕ್ಕ. ಈಗ ತಾನೇ ನಿಮ್ಮ ಕಣ್ಣೆದುರಿಗೆ ಒಳಗಿನ ತೆಳು ಪೊರೆ ಕಿತ್ತೆನಲ್ಲ, ಅದೇ. ಒಂದೊಂದು ಇಟ್ಟಿಗೇನೂ ಒಂದೊಂದು ಜೀವಕೋಶ. ಒಂದು ಹನಿ ಅಯೋಡಿನ್ ಬಿಟ್ಟಿದೀನಿ, ಅದಕ್ಕೇ ಹಳದಿ. ಪ್ರತಿ ಇಟ್ಟಿಗೇಲೂ ಒಂದು ಚುಕ್ಕಿ ಇದೆ ನೋಡಿ, ಕಾಣ್ತಿದೆಯಾ? ಅದೇ ಅದರ ಯಜಮಾನ. ... ಏನಂದ್ರಿ? ಇಷ್ಟು ವರ್ಷ ಹೆಚ್ಚಿ ಹೆಚ್ಚಿ ಕಣ್ಣೀರು ಹಾಕಿದ್ದೇ ಬಂತು, ಒಳಗೆ ಇಷ್ಟು ಅಚ್ಚುಕಟ್ಟಾಗಿದೆ ಅಂತ ಯಾರೂ ಹೇಳಲಿಲ್ಲ ಅಂತೀರಾ! ಹ್ಹ... ಹೌದಕ್ಕ. ಯಾರೂ ಹೇಳಲ್ಲ.

ನೀವು ನಕ್ಕಷ್ಟೂ ನನಗೆ ಕಷ್ಟ ಆಗ್ತಿದೆ. ಇಲ್ಲ, ಹಾಗಲ್ಲ, ನಗಿ... ನಾನು ಏನಂದ್ಕೊಂಡು ಬಂದೆ ಗೊತ್ತಾ? ಬಾಗಿಲು ತೆಗೆದು, ನನ್ನ ಮುಖ ನೋಡಿ, ಧಡಾರ್ ಅಂತ ಹಾಕ್ಕೊಳ್ತೀರಿ ಅಂತ. ನೀವು ಕುಟ್ಟಿ ಕಳಿಸಿದ ಬೇರಿನ ಪುಡಿಯಲ್ಲಿ ಹಿಟ್ಟು ಬೆರೆಸಿದಾರೆ ಅಂತ ಬರೆದು ಕೆಳಗೆ ಸಹಿ ಹಾಕಿದವಳು ನಾನು. ನೀವು ನೋಡಿದ್ರೆ, ಗಾಜಿನ ಮೇಡಂ ಬಂದ್ರು, ಗಾಜಿನ ಮೇಡಂ ಬಂದ್ರು ಅಂತ ಕುರ್ಚಿ ಒರೆಸಿ ಕೊಟ್ರಿ. ನಾಲ್ಕು ಮಾತು ಬೈದಿದ್ರೆ ಸಲೀಸಾಗಿತ್ತು.

ಸರಿ, ಎರಡನೇದು. ಈ ಬಾಟಲಿ ಚೀಟಿ ಓದಿ. ಕನ್ನಡಕ ಎಲ್ಲಿ? ಇರಲಿ, ನಾನೇ ಓದ್ತೀನಿ. ಅತಿಮಧುರ, ಕೈಯಲ್ಲಿ ಕುಟ್ಟಿದ್ದು, ನಿಮ್ಮ ಹೆಸರು, ಕಳೆದ ವರ್ಷದ ತಾರೀಕು. ನೀವು ಕೊನೇ ಸಲ ಕಳಿಸಿದ್ದ ಪುಡಿ. ಪ್ರತಿ ಮೂಟೆಯಿಂದ್ಲೂ ಒಂದು ಚಮಚ ಹೀಗೆ ತೆಗೆದಿಟ್ಟಿರ್ತೀವಿ, ಎರಡು ವರ್ಷ. ಸ್ವಲ್ಪ ನೀರು ಕೊಡಿ ಅಕ್ಕ. ಕುಡಿಯೋಕಲ್ಲ, ಸ್ಲೈಡಿಗೆ. ನಿಮ್ಮ ಮನೆ ನೀರೇ ಆಗಲಿ, ನಾನು ತಂದ ನೀರು ಬೇಡ. ... ನೋಡ್ಕೊಳ್ಳಿ, ಬರಿಗೈ. ಉಂಗುರ ಕೂಡ ತೆಗೆದಿಟ್ಟಿದೀನಿ. ಒಂದು ಹನಿ ನೀರು. ಸೂಜಿ ಮೊನೆಯಷ್ಟು ಪುಡಿ. ಮೇಲೆ ತೆಳು ಗಾಜು... ಓರೆಯಾಗಿ ಇಳಿಸಬೇಕು, ಇಲ್ಲದಿದ್ರೆ ಗಾಳಿಗುಳ್ಳೆ ಬಂದು ಕೂತ್ಕೊಳ್ಳುತ್ತೆ. ಆಯ್ತು. ನೋಡಿ.

ಹಳದಿ ನೂಲು. ಹೌದು! ಅದೇ ನಾರು. ಅದರ ಅಂಚಲ್ಲಿ ಸಾಲಾಗಿ ಹೊಳೀತಿದೆಯಲ್ಲ, ಹೊಲಿಗೆ ಹಾಕಿದ ಹಾಗೆ, ಅವು ಹರಳು. ಈ ಬೇರಿನ ಗುರುತೇ ಅದು. ಆ ನೂಲಿನ ಸುತ್ತ ಸಣ್ಣ ಸಣ್ಣ ದುಂಡನೆ ಕಾಳು ಚೆಲ್ಲಿದೆಯಾ? ಅದು ಬೇರಿನದೇ ಪಿಷ್ಟ, ಅದರ ಸ್ವಂತ ಬುತ್ತಿ. ಅಷ್ಟೇ. ಬೇರೇನಾದ್ರೂ ಇದೆಯಾ? ಈ ತಿರುಪು ಹಿಡ್ಕೊಂಡು ಆ ಕಡೆ ಈ ಕಡೆ ಸರಿಸಿ, ಮೂಲೆ ಮೂಲೆ ಹುಡುಕಿ. ನಿಧಾನಕ್ಕೆ ನೋಡಿ, ನನಗೇನೂ ಅವಸರ ಇಲ್ಲ. ... ಇಲ್ಲ ತಾನೇ? ನಿಮ್ಮ ಪುಡಿಯಲ್ಲಿ ನಿಮ್ಮ ಬೇರು ಬಿಟ್ಟು ಏನೂ ಇಲ್ಲ ಅಕ್ಕ. ಅವತ್ತೂ ಇರಲಿಲ್ಲ.

ಹಿಟ್ಟು ಎಲ್ಲಿಂದ ಬಂತು ಅಂತೀರಾ? ಹಾಂ. ಅದಕ್ಕೇ ಇಷ್ಟು ಭಾರ ಹೊತ್ಕೊಂಡು ಬಂದಿದ್ದು. ಬರೀ ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ ಅಂತ... ಅಲ್ಲ, ಸುಳ್ಳು. ಬರೀ ಬಾಯಲ್ಲಿ ಹೇಳೋ ಧೈರ್ಯ ಇರಲಿಲ್ಲ.

ಇದು ಮೂರನೇದು. ಬರೀ ನೀರು. ನಿಮ್ಮದೇ ನೀರು, ಪುಡಿ ಇಲ್ಲ, ಬೇರಿಲ್ಲ, ಏನೂ ಇಲ್ಲ. ಇದಕ್ಕೆ ನಮ್ಮ ಕಡೆ ನೀರಿನ ಸ್ಲೈಡು ಅಂತೀವಿ. ಏನೇ ಪರೀಕ್ಷೆ ಮಾಡೋಕೆ ಮುಂಚೆ ಮೊದಲು ಇದನ್ನ ನೋಡಬೇಕು. ಇದರಲ್ಲಿ ಏನಾದ್ರೂ ಕಂಡ್ರೆ, ಕೊಳೆ ನಮ್ಮದು, ತಂದವರದ್ದಲ್ಲ. ಈಗ ಈ ಗವಸು ಹಾಕ್ಕೊಳ್ಳಿ. ರಬ್ಬರಿನದು. ಕೈ ಕೊಡಿ... ಅಯ್ಯೋ, ಹತ್ತಲ್ಲ. ಒನಕೆ ಹಿಡಿದ ಕೈಗೆ ಈ ಬಲೂನು ಎಲ್ಲಿ ಸಾಕಾಗುತ್ತೆ, ಬಿಡಿ, ನಾನೇ ಹಾಕ್ಕೊಳ್ತೀನಿ. ಹಲ್ಲಿನ ಡಾಕ್ಟರ ಹತ್ತಿರ ಬೇಡಿ ತಂದೆ. ನೋಡಿ, ಎಳೆದಾಗ ಬೆಳ್ಳಗೆ ಹೊಗೆ ಥರ ಹಾರ್ತಲ್ಲ? ಸಲೀಸಾಗಿ ಜಾರಲಿ ಅಂತ ಒಳಗೂ ಹೊರಗೂ ಹಿಟ್ಟು ಸವರಿರ್ತಾರೆ. ಮೆಕ್ಕೆಜೋಳದ ಹಿಟ್ಟು. ಈ ಕೈಯಲ್ಲಿ ನೀರಿನ ಸ್ಲೈಡು ಮುಟ್ತೀನಿ. ಮುಟ್ಟಿದೆ. ಅಷ್ಟೇ. ನೋಡಿ.

...

ಕಾಳು. ಹೌದು. ನಿಮ್ಮ ಬೇರಿನ ಕಾಳಿಗಿಂತ ದಪ್ಪ. ದುಂಡಗಿಲ್ಲ, ಮೂಲೆ ಮೂಲೆ ಇದೆ. ನಡುವೆ ನಕ್ಷತ್ರದ ಹಾಗೆ ಬಿರುಕು. ಇದನ್ನೇ ಅಕ್ಕ ನಾನು ಬರೆದಿದ್ದು. "ಹೊರಗಿನ ಪಿಷ್ಟ ಬೆರೆತಿದೆ, ಮೆಕ್ಕೆಜೋಳ." ಅಕ್ಷರ ಎಷ್ಟು ದುಂಡಗೆ ಬರೆದಿದ್ದೆ! ಪಕ್ಕದಲ್ಲಿ ಚಿತ್ರ ಬೇರೆ. ಬರೆದಿದ್ದು ಸುಳ್ಳಲ್ಲ, ಮೆಕ್ಕೆಜೋಳ ಇದ್ದಿದ್ದು ನಿಜ. ನಿಮ್ಮ ಮೂಟೆಯಲ್ಲಲ್ಲ, ನನ್ನ ಕೈಯಲ್ಲಿ.

ಕೊಳವೆಯಿಂದ ಕಣ್ಣು ತೆಗೀರಿ ಅಕ್ಕ.

ಮೊದಲೆಲ್ಲ ಹಿಟ್ಟಿಲ್ಲದ ಗವಸು ಬರ್ತಿತ್ತು. ಆ ವಾರ ಅಂಗಡಿಯವನ ಹತ್ತಿರ ಅದು ಮುಗಿದು ಈ ಥರದ್ದು ಕಳಿಸಿದ್ದ. ಸೋಮವಾರ ಬೆಳಿಗ್ಗೆ ಡಬ್ಬ ಒಡೆದೆ, ಅವತ್ತು ಬಂದಿದ್ದು ನಿಮ್ಮ ಮೂಟೆ ಒಂದೇ. ನೀರಿನ ಸ್ಲೈಡು ನೋಡಲಿಲ್ಲ. ಯಾಕೆ ಅಂದ್ರೆ... ಇಪ್ಪತ್ತೆರಡು ವರ್ಷ ನೋಡಿ ನೋಡಿ ಏನೂ ಇರ್ತಿರಲಿಲ್ಲ, ಅದಕ್ಕೆ. ಅಹಂಕಾರ ಅನ್ನಿ, ಸೋಮಾರಿತನ ಅನ್ನಿ, ಎರಡೂ ಒಪ್ಕೊಳ್ತೀನಿ. ಅದಕ್ಕೂ ಹಿಂದಿನ ವಾರ ತಾನೇ, ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ ಹುಡುಗಿಯನ್ನ ಎಲ್ಲರೆದುರು ನಿಲ್ಲಿಸಿ ಬೈದಿದ್ದೆ, ನೀರಿನ ಸ್ಲೈಡು ನೋಡದೆ ಯಾಕೆ ಬರೆದೆ ಅಂತ. ಅವಳ ಕಣ್ಣಲ್ಲಿ ನೀರು ಬರೋವರೆಗೂ ಬಿಟ್ಟಿರಲಿಲ್ಲ.

ರಿಪೋರ್ಟು ಹೋಯ್ತು. ಸಂಜೆಗೇ ನಿಮ್ಮ ಮೂಟೆ ವಾಪಸ್ಸು, ನಿಮ್ಮ ಬೀದಿಯಲ್ಲೇ ಇಳಿಸಿ ಹೋದ್ರಂತೆ, ಎಲ್ಲರೂ ನೋಡೋ ಹಾಗೆ. ನಮ್ಮ ಮ್ಯಾನೇಜರು ಮೀಟಿಂಗಿನಲ್ಲಿ, ಮೇಡಂ ಕಣ್ಣು ಹದ್ದಿನ ಕಣ್ಣು ಅಂದ್ರು. ಚಪ್ಪಾಳೆ ಹೊಡೆಸಿದ್ರು ಅಕ್ಕ. ನಾನು ತಲೆ ಬಗ್ಗಿಸಿ ನಗ್ತಾ ಕೂತಿದ್ದೆ.

ಹೂಂ... ಈಗ ಯಾಕೆ ಬಂದೆ ಅಂತ ತಾನೇ? ಹೇಳ್ತೀನಿ. ಹೇಳ್ಲೇಬೇಕು. ನಿಮ್ಮ ತಂಗಿ ಸಿಕ್ಕಿದ್ಲು.

ಕೂತ್ಕೊಳ್ಳಿ, ಕೂತ್ಕೊಳ್ಳಿ. ಚೆನ್ನಾಗಿದಾಳೆ. ಅಂದ್ರೆ, ಸೊರಗಿದಾಳೆ, ಆದ್ರೆ ಆರೋಗ್ಯ ಸರಿ ಇದೆ. ಹೋದ ವಾರ ನಮ್ಮಲ್ಲೇ ಬಾಟಲಿ ತೊಳೆಯೋ ಕೆಲಸಕ್ಕೆ ಸೇರಿದ್ಲು. ನನಗೆ ಗುರುತು ಇರಲಿಲ್ಲ, ನೋಡೇ ಇರಲಿಲ್ಲವಲ್ಲ. ಮೊದಲು ಎಲ್ಲಿದ್ದೆ ಅಂತ ಮೇಸ್ತ್ರಿ ಕೇಳಿದ. ಅಕ್ಕನ ಜೊತೆ ಬೇರು ಕುಟ್ತಿದ್ದೆ ಅಂದ್ಲು. ಬಿಟ್ಟಿದ್ದು ಯಾಕೆ ಅಂದ. ಅಷ್ಟು ಜನರೆದುರು, ನೀರಲ್ಲಿ ಕೈ ಇಟ್ಕೊಂಡೇ ಹೇಳಿದ್ಲು. ನಾನು ಹಿಟ್ಟು ಬೆರೆಸಿದೆ ಅಂತ ಅಕ್ಕ ಮನೆಯಿಂದ ಕಳಿಸಿದ್ಲು ಅಂತ. ಬೆರೆಸಿದ್ಯಾ ಅಂತ ಇವನು. ಇಲ್ಲ, ಆದ್ರೆ ಯಂತ್ರದಲ್ಲಿ ಕಂಡಿದೆಯಂತೆ, ನಾನೇನು ಹೇಳ್ಲಿ ಅಂದ್ಲು. ಪಕ್ಕದ ಕಪಾಟಿನ ಹತ್ತಿರ ನಾನು ನಿಂತಿದ್ದೆ.

ನಿಮಗೆ ಬೇರೆ ದಾರಿ ಏನಿತ್ತು ಅಕ್ಕ! ಮನೆಯಲ್ಲಿದ್ದಿದ್ದು ಎರಡು ಒನಕೆ, ಎರಡು ಜೊತೆ ಕೈ. ನೀವು ಬೆರೆಸಿಲ್ಲ ಅಂತ ನಿಮಗೆ ಗೊತ್ತು. ಹಾಗಾದ್ರೆ ಉಳಿದವಳು ಯಾರು? ಅದನ್ನೇ ಅಲ್ವಾ ನೀವು ಅವತ್ತು ನನ್ನ ಹತ್ತಿರ ಬಂದು ಕೇಳಿದ್ದು. ಲ್ಯಾಬ್ ಬಾಗಿಲಲ್ಲಿ ನಿಂತು. ಮೇಡಂ, ನನ್ನ ಮನೆಯಲ್ಲಿ ಇನ್ನೊಬ್ಬಳೇ ಇರೋದು, ಅವಳು ನಾನು ಎತ್ತಿ ಆಡಿಸಿದ ಕೂಸು, ಅವಳ ಮೇಲೆ ಮಾತು ಬರುತ್ತೆ, ಒಂದು ಸಲ ಖಚಿತವಾಗಿ ಹೇಳಿಬಿಡಿ ಅಂತ. ನಾನು ಹೇಳಿದೆ. ಯಂತ್ರ ಸುಳ್ಳು ಹೇಳಲ್ಲಮ್ಮ ಅಂತ.

ಅಳಿ. ಅತ್ತುಬಿಡಿ. ... ಏನಂದ್ರಿ? ಇನ್ನೊಂದು ಸಲ ಹೇಳಿ? ತಪ್ಪು ನಿಮ್ಮದೇ ಅಂತಾನಾ? ಆಣೆ ಮಾಡಿ ಹೇಳಿದ್ಲು, ನಂಬಬೇಕಿತ್ತು ಅಂತಾನಾ? ಹಾಗನ್ನಬೇಡಿ ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಹಾಗನ್ನಬೇಡಿ. ನೀವು ನನ್ನ ಮಾತು ನಂಬಿದ್ರಿ, ಅದರಲ್ಲಿ ನಿಮ್ಮ ತಪ್ಪೇನು. ಅವಳ ಬಾಯಲ್ಲಿ ಆ ಮಾತು ಕೇಳಿದ ಮೇಲೆ ನನಗೆ ತಡೀಲಿಲ್ಲ. ಬೀರು ತೆಗೆದು ನಿಮ್ಮ ಬಾಟಲಿ ಹುಡುಕಿದೆ, ಮತ್ತೆ ನೋಡಿದೆ, ಬರಿಗೈಯಲ್ಲಿ, ಆಗ... ಆಗ್ಲೇ ಗೊತ್ತಾಗಿದ್ದು. ಹೋದ ವಾರ. ಇವತ್ತು ಬೆಳಿಗ್ಗೆ ಮ್ಯಾನೇಜರಿಗೆ ಪತ್ರ ಕೊಟ್ಟೇ ಬಂದಿದೀನಿ. ಮರುಪರೀಕ್ಷೆಯಲ್ಲಿ ತಪ್ಪು ತಿಳಿದುಬಂತು, ಪುಡಿ ಶುದ್ಧವಾಗಿದೆ ಅಂತ. ನಿಮ್ಮ ಕೆಲಸ ನಿಮಗೆ ವಾಪಸ್ಸು ಬರುತ್ತೆ. ತಂಗಿಗೆ ನಾನೇ ಹೇಳ್ತೀನಿ, ಇಬ್ಬರನ್ನೂ ಕೂರಿಸ್ಕೊಂಡು ಹೇಳ್ತೀನಿ.

ಬೇಡ ಅಕ್ಕ, ಕೈ ಮುಗೀಬೇಡಿ! ನನಗೆ? ನೀವು? ಕೆಳಗಿಳಿಸಿ ಕೈ. ದೊಡ್ಡ ಮನಸ್ಸು ಮಾಡಿ ಬಂದು ಒಪ್ಪಿಕೊಂಡ್ರಿ ಅಂತೀರಲ್ಲ... ನನ್ನ ಮನಸ್ಸು ಏನೂ ದೊಡ್ಡದಲ್ಲ.

ಹಾಂ? ಏನು ಕೇಳಿದ್ರಿ? ಈಗಲೂ ನಿಮ್ಮ ಲ್ಯಾಬಿನಲ್ಲಿ ಇದೇ ಗವಸಾ ಅಂತಾನಾ? ಬೇರೆ ಯಾರಿಗಾದ್ರೂ ಹೀಗಾಗ್ತಿದ್ರೆ, ಅಂತ... ನೋಡಿ, ಈ ಹೊತ್ತಲ್ಲೂ ನಿಮಗೆ ಬೇರೆಯವರ ಚಿಂತೆ! ಇಲ್ಲ ಇಲ್ಲ, ಹೆದರಬೇಡಿ. ಅದನ್ನ ಆ ವಾರಾನೇ ಎಸೆದೆ. ಎರಡೇ ಜೊತೆ ಖರ್ಚಾಗಿತ್ತು, ತುಂಬಿದ ಡಬ್ಬ, ಹಾಗೇ ಕಸಕ್ಕೆ ಹಾಕಿ ಬೇರೆ ತರಿಸಿದೆ. ಅವತ್ತಿಂದ ಒಬ್ಬರಿಗೂ ಹೀಗಾಗಿಲ್ಲ.

...

ಯಾಕೆ ಹಾಗೆ ನೋಡ್ತೀರಿ?

ಕಣ್ಣು ಒರೆಸ್ಕೊಳ್ಳಿ. ನೀರು ತರಲಾ? ... ಡಬ್ಬ ಎಸೆದಿದ್ದು, ಅದು... ಕೈಯಲ್ಲಿ ತುರಿಕೆ ಬಂತು ನನಗೆ. ಆ ರಬ್ಬರು ಒಗ್ಗಲ್ಲ. ಅದಕ್ಕೆ ಎಸೆದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಈಗ ಹಾಕ್ಕೊಂಡಿದೀನಲ್ಲ ಅಂತೀರಾ? ನೀವು ಏನೂ ಅಂದಿಲ್ಲ, ಸರಿ. ನಾನೇ... ತೆಗೀತೀನಿ ತಾಳಿ, ಈ ಹಾಳು ಗವಸು ಬರ್ತಾನೂ ಇಲ್ಲ.

ಹೋದ ವಾರ ಅಲ್ಲ. ಸರಿ. ಸ್ವಲ್ಪ ಮುಂಚೆ. ಅನುಮಾನ ಇತ್ತು ಅಕ್ಕ, ಬರೀ ಅನುಮಾನ. ಖಾತ್ರಿ ಇಲ್ಲದೆ ಹೇಗೆ ಹೇಳೋದು? ನಮ್ಮ ಕೆಲಸದಲ್ಲಿ ಖಾತ್ರಿ ಇಲ್ಲದೆ ಬಾಯಿ ಬಿಡಬಾರದು...

ಏನಾದ್ರೂ ಮಾತಾಡಿ. ಆಗಿನಿಂದ ಎಷ್ಟು ಮಾತಾಡ್ತಿದ್ರಿ. ಬೈರಿ, ಎದ್ದು ಹೊಡೀರಿ. ಹೀಗೆ ಸುಮ್ಮನೆ ಕೂತು ನನ್ನ ಮುಖಾನೇ ನೋಡ್ತಿದ್ರೆ ನಾನೇನು ಮಾಡ್ಲಿ? ನಾನು ಹೇಳ್ದೆ ಇದ್ದಿದ್ರೆ ನಿಮಗೆ ಈ ಜನ್ಮದಲ್ಲಿ ಗೊತ್ತಾಗ್ತಿತ್ತಾ? ಅಷ್ಟಾದ್ರೂ... ಇಲ್ಲ. ತಪ್ಪಾಯ್ತು. ಆ ಮಾತು ಬಿಟ್ಟುಬಿಡಿ.

ಮಾರನೇ ದಿನ. ಮಾರನೇ ದಿನಾನೇ ಅಕ್ಕ. ಮಂಗಳವಾರ ಬೆಳಿಗ್ಗೆ ಬೇರೆ ಊರಿಂದ ತೊಗಟೆ ಪುಡಿ ಬಂತು, ಯಾರೋ ದೊಡ್ಡ ವ್ಯಾಪಾರಿ. ನೋಡ್ತೀನಿ, ಅದರಲ್ಲೂ ಅದೇ ಕಾಳು. ಅದೇ ಮೂಲೆ, ಅದೇ ನಕ್ಷತ್ರ. ಎಲ್ಲರೂ ಒಂದೇ ವಾರ, ಒಂದೇ ಹಿಟ್ಟು ಬೆರೆಸ್ತಾರಾ? ಆಗ ನೀರಿನ ಸ್ಲೈಡು ಹಾಕಿದೆ. ಬರೀ ನೀರು. ತುಂಬಾ ಕಾಳು. ಗವಸು ತೆಗೆದು, ಕೈ ತೊಳೆದು, ಮಧ್ಯಾಹ್ನ ಆ ವ್ಯಾಪಾರಿಯ ಪುಡೀನ ಮತ್ತೆ ಪರೀಕ್ಷೆ ಮಾಡಿದೆ. ಶುದ್ಧವಾಗಿದೆ ಅಂತ ಬರೆದು ಕಳಿಸಿದೆ. ಅವನಿಗೆ ಗೊತ್ತೂ ಆಗಲಿಲ್ಲ. ನಿಮ್ಮ ಕಾಗದ ಮಾತ್ರ ಮುಟ್ಟಲಿಲ್ಲ. ಹಿಂದಿನ ಸಂಜೆ ತಾನೇ ಚಪ್ಪಾಳೆ ಹೊಡೆದಿದ್ರಲ್ಲ. ನಾನು ಬೈದ ಹುಡುಗಿ ಅಲ್ಲೇ ಮುಂದಿನ ಮೇಜಿನಲ್ಲಿ ಕೂತಿದ್ಲಲ್ಲ. ಅವಳ ಮುಖಕ್ಕೆ ಮುಖ ಕೊಟ್ಟು, ನಾನೂ ನೋಡಿರಲಿಲ್ಲ ಕಣೇ ಅನ್ನಬೇಕಿತ್ತು. ಅಷ್ಟೇ. ಅಷ್ಟು ಸಣ್ಣ ಮಾತಿಗೆ.

ಬೆರಳಲ್ಲಿ ಏನು ಎಣಿಸ್ತಿದೀರಿ? ... ಸೋಮವಾರ ಮೂಟೆ ವಾಪಸ್ಸು ಬಂತು. ಮಾರನೇ ದಿನ ನೀವು ನನ್ನ ಹತ್ತಿರ ಬಂದ್ರಿ. ಹೌದು. ಎಣಿಸಬೇಡಿ ಅಕ್ಕ. ಲೆಕ್ಕ ನನಗೆ ಗೊತ್ತು, ಹನ್ನೊಂದು ತಿಂಗಳಿಂದ ಅದೊಂದೇ ಎಣಿಸ್ತಿರೋದು ನಾನು.

ಅವತ್ತು ನೀವು ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ ಆಗಿತ್ತು. ನೀರಿನ ಸ್ಲೈಡು ಇನ್ನೂ ಮೈಕ್ರೋಸ್ಕೋಪಿನ ಮೇಲೇ ಇತ್ತು. ಕೆಳಗೆ ದೀಪ ಉರೀತಿತ್ತು. ನೀವು ಬಾಗಿಲಲ್ಲಿ, ಒಳಗೆ ಬರಬಹುದೋ ಬೇಡವೋ ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಿಂತು ಕೇಳ್ತಿದ್ರಿ. ನೀವು ನೋಡಿದ್ರೂ ಏನಂತ ಗೊತ್ತಾಗ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಆದ್ರೂ ನಾನು ಎದ್ದು, ಅದಕ್ಕೆ ಬೆನ್ನು ಕೊಟ್ಟು, ನಿಮಗೆ ಕಾಣದ ಹಾಗೆ ಅಡ್ಡ ನಿಂತೆ. ಅಡ್ಡ ನಿಂತು ಹೇಳಿದೆ ಅಕ್ಕ, ಯಂತ್ರ ಸುಳ್ಳು ಹೇಳಲ್ಲಮ್ಮ, ಮನೆಯಲ್ಲಿ ವಿಚಾರಿಸಿ ನೋಡಿ ಅಂತ.